ಹೆಸರು ಒಂದೇ, ಫೋಲ್ಡರ್ ಬೇರೆ

ಪೀಣ್ಯದಲ್ಲಿ ನಮ್ಮದು ಸಣ್ಣ ಕಂಪನಿ. ಪಂಪ್ ಮೋಟಾರಿನ ಕಂಟ್ರೋಲರ್ ಬೋರ್ಡ್ ಮಾಡುತ್ತೇವೆ. ಡಿಸೈನ್‌ಗೆ ಇರುವುದು ನಾಲ್ಕು ಜನ, ಮೂರು ಕಂಪ್ಯೂಟರ್. ಮೂರರಲ್ಲೂ ವಿಂಡೋಸ್, ಮೂರರಲ್ಲೂ ಬೋರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಕೀಕ್ಯಾಡ್.

ಒಂದು ಬೆಳಿಗ್ಗೆ ಅಸೆಂಬ್ಲಿಯ ಅಕ್ಕ ಬೋರ್ಡ್ ಹಿಡಿದುಕೊಂಡು ಮೇಲೆ ಬಂದರು. "ಮೇಡಂ, ಈ ಕನೆಕ್ಟರ್ ಕೂರ್ತಾನೇ ಇಲ್ಲ. ಈ ಕಡೆ ಒತ್ತಿದ್ರೆ ಆ ಕಡೆ ಏಳತ್ತೆ." ಹತ್ತು ಕಾಲಿನ ಹಸಿರು ಸ್ಕ್ರೂ ಟರ್ಮಿನಲ್ ಅದು. ವರ್ನಿಯರ್ ಹಿಡಿದು ಅಳೆದೆ. ಬೋರ್ಡಿನಲ್ಲಿ ತೂತಿನಿಂದ ತೂತಿಗೆ 5 ಮಿ.ಮೀ., ಟರ್ಮಿನಲ್ಲಿನಲ್ಲಿ ಕಾಲಿನಿಂದ ಕಾಲಿಗೆ 5.08. ಎರಡು ಕಾಲಿನದಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸ್ವಲ್ಪ ಒತ್ತಿದರೆ ಕೂರುತ್ತದೆ. ಹತ್ತು ಕಾಲು ಅಂದರೆ ನಡುವೆ ಒಂಬತ್ತು ಸಂದು, ಒಟ್ಟು 0.72 ಮಿ.ಮೀ. ಎಲ್ಲಿ ಕೂರಬೇಕು? ಕೆಳಗೆ ಅಂಥ 200 ಬೋರ್ಡ್ ಬಂದು ಕೂತಿದ್ದವು.

ನನ್ನ ತಲೆ ಕೆಟ್ಟಿದ್ದು ಬೇರೆ ಕಾರಣಕ್ಕೆ. ಈ ತಪ್ಪನ್ನು ನಾನೇ ಮೂರು ತಿಂಗಳ ಹಿಂದೆ ಸರಿಮಾಡಿದ್ದೆ! ಸ್ಯಾಂಪಲ್ ಆಗಿ ತರಿಸಿದ ಐದು ಬೋರ್ಡಿನಲ್ಲಿ ಇದೇ ಟರ್ಮಿನಲ್ ಸಲೀಸಾಗಿ ಕೂತಿತ್ತು. ಬಿಡಿಭಾಗಗಳ ಅಳತೆಗಳನ್ನು ಇಟ್ಟಿರುವ ಫೋಲ್ಡರಿಗೆ ಲೈಬ್ರರಿ ಅನ್ನುತ್ತೇವೆ. "ಲೈಬ್ರರಿ ಸರಿಮಾಡಿದ್ದೀನಿ" ಅಂತ ಎಲ್ಲರಿಗೂ ಹೇಳಿಯೂ ಇದ್ದೆ. ಆದರೆ ಯಾವ ಲೈಬ್ರರಿ?

ಫುಟ್‌ಪ್ರಿಂಟ್ ಅಂದರೆ ಒಂದು ಬಿಡಿಭಾಗ ಕೂರಲು ಬೋರ್ಡಿನಲ್ಲಿ ಬೇಕಾದ ತೂತುಗಳ ನಕ್ಷೆ. ಕೀಕ್ಯಾಡ್‌ನಲ್ಲಿ ಅದನ್ನು ಗುರುತಿಸುವುದು ಎರಡು ಹೆಸರಿನಿಂದ. ಮೊದಲು ಲೈಬ್ರರಿಯ ಅಡ್ಡಹೆಸರು, ಆಮೇಲೆ ಫುಟ್‌ಪ್ರಿಂಟಿನ ಹೆಸರು. ಸರ್ಕ್ಯೂಟ್ ಡ್ರಾಯಿಂಗಿನ ಫೈಲಿನಲ್ಲಿ ಇರುವುದು ಅಷ್ಟೇ. ಆ ಅಡ್ಡಹೆಸರು ಯಾವ ಫೋಲ್ಡರಿಗೆ ಸೇರಿದ್ದು ಅನ್ನುವುದು ಇನ್ನೊಂದು ಪಟ್ಟಿಯಲ್ಲಿ ಇರುತ್ತದೆ. ಅದರ ಹೆಸರು ಗ್ಲೋಬಲ್ ಪಟ್ಟಿ. ಹೆಸರಿಗೆ ಗ್ಲೋಬಲ್, ನಿಜಕ್ಕೂ ಲಾಗಿನ್‌ಗೊಂದು. ವಿಂಡೋಸ್ ಪ್ರತಿಯೊಬ್ಬರ ಸೆಟ್ಟಿಂಗ್‌ಗಳನ್ನು ಇಡುವ ಆ್ಯಪ್‌ಡೇಟಾ ಫೋಲ್ಡರಿನ ಒಳಗೆ, ಕೀಕ್ಯಾಡ್ ವರ್ಷನ್‌ಗೊಂದರಂತೆ ಬೇರೆ ಬೇರೆ. ನನ್ನ ಪಟ್ಟಿಯಲ್ಲಿ "ಆಫೀಸ್" ಅಂದರೆ ಸರ್ವರಿನ ಫೋಲ್ಡರ್. ಜೂನಿಯರ್ ಹುಡುಗನ ಪಟ್ಟಿಯಲ್ಲಿ "ಆಫೀಸ್" ಅಂದರೆ ಅವನ ಡಿ ಡ್ರೈವ್. ಕೆಲಸಕ್ಕೆ ಸೇರಿದ ದಿನ ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಕಾಪಿ. ಯಾರೋ ಏನು, ನಾನೇ.

ಹಾಗಿದ್ದರೂ ಸರಿಯಿದ್ದ ಬೋರ್ಡ್ ಕೆಟ್ಟಿದ್ದು ಹೇಗೆ? ಫುಟ್‌ಪ್ರಿಂಟನ್ನು ಒಮ್ಮೆ ಬೋರ್ಡಿನಲ್ಲಿ ಇಟ್ಟರೆ ಅದರ ಕಾಪಿ ಬೋರ್ಡ್ ಫೈಲಿನಲ್ಲೇ ಉಳಿಯುತ್ತದೆ, ಲೈಬ್ರರಿ ಬದಲಾದರೂ ಅದು ತಾನಾಗಿ ಬದಲಾಗುವುದಿಲ್ಲ. ಪಾಪ, ಹುಡುಗ ಶ್ರದ್ಧೆಯಿಂದಲೇ ಕೆಲಸ ಮಾಡಿದ್ದ. ಬೋರ್ಡ್ ತಯಾರಿಸುವವರಿಗೆ ಕಳಿಸುವ ಗರ್ಬರ್ ಫೈಲ್ ತೆಗೆಯುವ ಮುಂಚೆ, ಡಿಸೈನಿನ ತಪ್ಪು ಹುಡುಕುವ ಡಿಆರ್‌ಸಿ ಓಡಿಸಿದಾಗ, ಈ ಫುಟ್‌ಪ್ರಿಂಟ್ ಲೈಬ್ರರಿಯಲ್ಲಿರುವ ಕಾಪಿಗೆ ಹೊಂದುತ್ತಿಲ್ಲ ಅಂತ ವಾರ್ನಿಂಗ್ ಬಂತು. "ವಾರ್ನಿಂಗ್ ಇಟ್ಕೊಂಡು ಕಳ್ಸೋದು ಬೇಡ ಅಂತ ಲೈಬ್ರರಿಯಿಂದ ಅಪ್‌ಡೇಟ್ ಕೊಟ್ಟೆ ಮೇಡಂ" ಅಂದ. ಹೊಸದನ್ನು ಅಳಿಸಿ ಹಳೆಯದು ಬಂದು ಕೂತಿತು. ವಾರ್ನಿಂಗ್ ಮಾಯ. ಅವನಿಗೆ ಏನು ಬಯ್ಯುವುದು?

ಬೋರ್ಡುಗಳನ್ನು ಉಳಿಸಿದ್ದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್. ಪೀಣ್ಯದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಅಂಗಡಿ ಅಂಗಡಿ ಸುತ್ತಿ 5 ಮಿ.ಮೀ.ನ ಎರಡು ಕಾಲಿನ, ಮೂರು ಕಾಲಿನ ಟರ್ಮಿನಲ್ ತಂದೆವು. ಒಂದಕ್ಕೊಂದು ಸಿಕ್ಕಿಸುವ ಬಗೆಯವು. ಮೂರು, ಮೂರು, ಎರಡು, ಎರಡು ಸೇರಿಸಿದರೆ ಹತ್ತು. ನೋಡಲು ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ.

ಆಮೇಲೆ ಪಾತ್‌ಗಳನ್ನು, ಅಂದರೆ ಪಟ್ಟಿಯಲ್ಲಿರುವ ಫೋಲ್ಡರ್ ವಿಳಾಸಗಳನ್ನು, ನೆಟ್ಟಗೆ ಮಾಡಲು ಕೂತೆ. ಅರ್ಧ ದಿನದ ಕೆಲಸ ಅಂದುಕೊಂಡಿದ್ದು ವಾರ ಹಿಡಿಯಿತು. ಮೊದಲು ಸರ್ವರ್ ಫೋಲ್ಡರನ್ನು ಜ಼ೆಡ್ ಡ್ರೈವ್ ಅಂತ ಕೊಟ್ಟೆ. ಹೀಗೆ ಫೋಲ್ಡರಿಗೆ ಡ್ರೈವ್ ಅಕ್ಷರ ಕೊಡುವ ಮ್ಯಾಪಿಂಗ್ ಕೂಡ ಲಾಗಿನ್‌ಗೊಂದು ಅನ್ನುವುದು ನೆನಪಾಗಿದ್ದು, ಅದೇ ಕಂಪ್ಯೂಟರಿನಲ್ಲಿ ಮಧ್ಯಾಹ್ನ ಕೂರುವವರು ಲಾಗಿನ್ ಆಗಿ "ಲೈಬ್ರರಿನೇ ಇಲ್ವಲ್ಲ" ಅಂದಾಗ. ಹಾಗಾಗಿ ಡ್ರೈವ್ ಅಕ್ಷರ ಬಿಟ್ಟು ಸರ್ವರ್ ಹೆಸರಿನಿಂದಲೇ ಶುರುವಾಗುವ ಪೂರ್ತಿ ಪಾತ್ ಹಾಕಿದೆ. ಅದನ್ನೂ ನೇರವಾಗಿ ಪಟ್ಟಿಯಲ್ಲಿ ಬರೆಯದೆ, ವಿಂಡೋಸ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಎಲ್ಲ ಪ್ರೋಗ್ರಾಮುಗಳೂ ಓದಬಹುದಾದ, ಹೆಸರಿಟ್ಟ ಮೌಲ್ಯ) ಮಾಡಿ, ಎಲ್ಲರ ಪಟ್ಟಿಯೂ ಅದನ್ನೇ ನೋಡುವಂತೆ ಮಾಡಿದೆ. ಹೊರಗಿನಿಂದ ಬಂದ ವೇರಿಯಬಲ್ಲನ್ನು ಕೀಕ್ಯಾಡ್‌ನ ಒಳಗೆ ಯಾರೂ ಬದಲಿಸಲು ಆಗುವುದಿಲ್ಲ, ನನಗೆ ಬೇಕಿದ್ದೂ ಅದೇ. ನಾಳೆ ಸರ್ವರ್ ಬದಲಾದರೆ ಕಂಪ್ಯೂಟರಿಗೆ ಒಂದು ಸಾಲು ತಿದ್ದಿದರೆ ಸಾಕು. ಫೋಲ್ಡರಿಗೆ ಬರೆಯುವ ಹಕ್ಕು ಒಬ್ಬರಿಗೆ, ಮಿಕ್ಕವರಿಗೆ ಓದಲು ಮಾತ್ರ. ಇದಕ್ಕೆ ಸ್ವಲ್ಪ ಗೊಣಗಾಟ ಆಯಿತು, ಆಗಲಿ.

ಪ್ರೊಡಕ್ಷನ್‌ಗೆ ಹೋಗುವ ಪ್ರಾಜೆಕ್ಟುಗಳಿಗೆ ಇಷ್ಟೂ ಸಾಲದು ಅನ್ನಿಸಿತು. ಅವುಗಳ ಫುಟ್‌ಪ್ರಿಂಟುಗಳನ್ನು ಪ್ರಾಜೆಕ್ಟ್ ಫೋಲ್ಡರಿನೊಳಗೇ ಇಟ್ಟು, ಪ್ರಾಜೆಕ್ಟಿನ ಸ್ವಂತ ಪಟ್ಟಿ ಮಾಡಿದ್ದೇವೆ. ಒಂದೇ ಅಡ್ಡಹೆಸರು ಎರಡೂ ಕಡೆ ಇದ್ದರೆ ಪ್ರಾಜೆಕ್ಟ್ ಪಟ್ಟಿಯದೇ ನಡೆಯುತ್ತದೆ.

ಈಗ ಗರ್ಬರ್ ಕಳಿಸುವ ಮುಂಚೆ ಡಿಆರ್‌ಸಿಯನ್ನು ಇನ್ನೊಂದು ಕಂಪ್ಯೂಟರಿನಲ್ಲೂ ಓಡಿಸುತ್ತೇವೆ. ಗ್ಲೋಬಲ್ ಪಟ್ಟಿಯಲ್ಲೇ ನಡೆಯುತ್ತಿದ್ದ ಒಂದು ಸ್ಯಾಂಪಲ್ ಬೋರ್ಡಿಗೆ ಮೂರನೇ ಕಂಪ್ಯೂಟರಿನಲ್ಲಿ ಮತ್ತೆ ಅದೇ ವಾರ್ನಿಂಗ್. ಯಾರೂ ಅಪ್‌ಡೇಟ್ ಒತ್ತಲಿಲ್ಲ, ನನ್ನನ್ನು ಕರೆದರು. ಇಡೀ ಕಂಪ್ಯೂಟರಿಗೆ ಅಂತ ಹಾಕಿದ್ದ ಸಿಸ್ಟಮ್ ವೇರಿಯಬಲ್ ಸರಿಯಾಗಿಯೇ ಇತ್ತು. ಆದರೆ ನಾನು ಮೊದಲ ದಿನ ಪರೀಕ್ಷೆಗೆ ಅಂತ ಅದೇ ಹೆಸರಿನಲ್ಲಿ ಆ ಲಾಗಿನ್‌ಗೆ ಒಂದು ಯೂಸರ್ ವೇರಿಯಬಲ್ ಹಾಕಿ ಮರೆತಿದ್ದೆ. ಎರಡೂ ಇದ್ದರೆ ವಿಂಡೋಸ್ ಯೂಸರ್‌ನದ್ದನ್ನೇ ಹಿಡಿಯುತ್ತದೆ. ಅಳಿಸಿ, ಕೀಕ್ಯಾಡ್ ಮುಚ್ಚಿ ತೆರೆದೆ. ಹುಡುಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಏನೂ ಅನ್ನಲಿಲ್ಲ, ಸುಮ್ನೆ ಟೀ ತರಲು ಹೋದ.