ಮೇಷ್ಟ್ರೇ, ಬರೀ ಜ್ವರಾನೇ ಯಾಕೆ?

ಬಸ್ ಸ್ಟ್ಯಾಂಡಲ್ಲಿ ಕೇಳುತ್ತಾರೆ. ಸೊಸೈಟಿಯ ಕ್ಯೂನಲ್ಲಿ ಕೇಳುತ್ತಾರೆ. "ಅಲ್ಲ ಮೇಷ್ಟ್ರೇ, ನಿಮ್ ಮಕ್ಳು ಬರೀ ಜ್ವರಾನೇ ಯಾಕೆ ಬರೀತಾರೆ? ಬೇರೇನೂ ಸಿಗ್ಲಿಲ್ವಾ?" ಮೂರು ವರ್ಷ ನಗುತ್ತಾ ಉತ್ತರ ಕೊಟ್ಟೆ. ಇನ್ನು ಆಗಲ್ಲ. ಬರೆದಿಡುತ್ತೇನೆ, ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗಾಗಿ: ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಮ್ಮ ಮಕ್ಕಳು ಕೈಬರಹದ ಪತ್ರಿಕೆ ಮಾಡುತ್ತಾರೆ. ಅದರ ಒಂದು ಸಂಚಿಕೆ ಪೂರ್ತಿ ಜ್ವರದ್ದು. ಕತೆ, ಪದ್ಯ, ಚಿತ್ರ, ಎಲ್ಲ.

ಒಪ್ಪಿಕೊಂಡುಬಿಡುತ್ತೇನೆ, ಅದರ ಹಿಂದೆ ಘನವಾದ ಯೋಚನೆ ಏನೂ ಇರಲಿಲ್ಲ. ಅವತ್ತು ನನಗೇ ಜ್ವರ. ರಜೆ ಉಳಿದಿರಲಿಲ್ಲ. ಮಾತ್ರೆ ನುಂಗಿ, ಮಫ್ಲರ್ ಸುತ್ತಿಕೊಂಡು ಒಂಬತ್ತನೇ ಕ್ಲಾಸಿಗೆ ಹೋದೆ. ಏನು ಬರೀಬೇಕು ಸಾರ್ ಅಂದರು. "ಬರೀರಿ, ಜ್ವರ. ಗಲಾಟೆ ಮಾತ್ರ ಮಾಡ್ಬೇಡಿ" ಅಂದು ಕೂತುಬಿಟ್ಟೆ.

ರಾತ್ರಿ ಹಾಳೆಗಳನ್ನು ಓದಿದೆ. ಇದೇ ಮಕ್ಕಳಿಗೆ 'ನಮ್ಮೂರ ಜಾತ್ರೆ' ಕೊಟ್ಟರೆ ಇಡೀ ಕ್ಲಾಸು ಒಂದೇ ಗೈಡಿನಿಂದ ಇಳಿಸುತ್ತದೆ. ಎಲ್ಲರ ಜಾತ್ರೆಯಲ್ಲೂ ಅದೇ ಬಲೂನು, ಅದೇ ಬೆಂಡು ಬತ್ತಾಸು. ಜ್ವರಕ್ಕೆ ಗೈಡ್ ಇಲ್ಲವಲ್ಲ! ಒಬ್ಬಳು ಹಂಚು ಎಣಿಸಿದ್ದಳು. "ಮಾಡಿನಲ್ಲಿ ಒಂದು ಸಾಲಿಗೆ 17 ಹಂಚು. ಜ್ವರ ಜಾಸ್ತಿಯಾದಾಗ 18." ಇನ್ನೊಬ್ಬ ಬರೆದದ್ದು ಎರಡೇ ಸಾಲು. "ಜ್ವರ ನನ್ನನ್ನು ಬಿಟ್ಟಿತು. ತಂಗಿಯನ್ನು ಹಿಡಿಯಿತು." ಜ್ವರ ಬಂತು, ಜ್ವರ ಬಿಡ್ತು ಅಂತ ನಾವು ದಿನಾ ಅನ್ನುತ್ತೇವೆ. ನನಗಂತೂ ಅದು ನಡೆದುಹೋಗುವುದು ಕಂಡದ್ದು ಅವತ್ತೇ.

"ಮೈ ಸುಡ್ತಿರುವಾಗ ಚಳಿ ಯಾಕಾಗುತ್ತೆ ಸಾರ್?" ಅಂತ ಒಬ್ಬಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರು ಹೇಳಿದರು. ಮೈ ಎಷ್ಟು ಬಿಸಿ ಇರಬೇಕು ಅಂತ ನೋಡಿಕೊಳ್ಳುವ ಜಾಗ ಮಿದುಳಿನಲ್ಲಿದೆಯಂತೆ. ಸೋಂಕು ತಗುಲಿದಾಗ ಅದು 98.6 ಬಿಟ್ಟು 102 ಬೇಕು ಅಂತ ಹಠ ಹಿಡಿಯುತ್ತದೆ. ಮೈ ಇನ್ನೂ 99ರಲ್ಲೇ ಇದ್ದರೆ ಅದರ ಲೆಕ್ಕದಲ್ಲಿ ಅದು ಚಳಿ. ನಡುಗಿ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಆ ಹುಡುಗಿ ಇದನ್ನೇ ಕತೆ ಮಾಡಿದಳು. ತಲೆ ಯಜಮಾನ, ಮೈ ಆಳು. ಯಜಮಾನನಿಗೆ ಎಷ್ಟು ಬೆಂಕಿ ಹಾಕಿದರೂ ಸಾಲದು. ಆಳು ಸೌದೆ ಒಡೆದೂ ಒಡೆದೂ ನಡುಗುತ್ತಾನೆ.

ಇನ್ನು "ಮಂಗನ ಕಾಯಿಲೆ ಬಗ್ಗೆ ಬರೆಸಿ ಊರಿನ ಹೆಸರು ಕೆಡಿಸ್ತೀರಿ" ಅನ್ನುವವರು. ಸ್ವಾಮಿ, ಅದೂ ಜ್ವರವೇ, ಕಾಡಿನ ಉಣುಗು ಕಚ್ಚಿ ಬರುವಂಥದ್ದು, ಮಂಗಗಳೂ ಅದರಿಂದ ಸಾಯುತ್ತವೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು 1957ರಲ್ಲೇ ಆ ರೋಗಕ್ಕೆ ಅಂಟಿತು. ಈಗ ಅದು ಲೋಕದ ವೈದ್ಯರ ಪುಸ್ತಕದಲ್ಲೆಲ್ಲ ಇದೆ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಇದೇ ಕಾಯಿಲೆಯಿಂದ ಪೇಪರಿನಲ್ಲಿ ದಿನಾ ಬರುತ್ತಿತ್ತಲ್ಲ, ಅದನ್ನೂ ನಮ್ಮ ಮಕ್ಕಳೇ ಬರೆದರಾ? ಕಾಡಂಚಿನ ಮನೆಯ ಹುಡುಗ ಬರೆದದ್ದು ಇಷ್ಟು: "ಅಪ್ಪನ ಕೈಕಾಲು ಜಿಡ್ಡಾಗಿದ್ದರೆ ಇವತ್ತು ದರಕು ತರಲು ಹೋಗುತ್ತಾನೆ ಅಂತ ಅರ್ಥ." ಉಣುಗು ಕಚ್ಚದಿರಲಿ ಅಂತ ಹಚ್ಚಿಕೊಳ್ಳುವ ಎಣ್ಣೆಯ ಜಿಡ್ಡು ಅದು. ಕಾಯಿಲೆಯ ಹೆಸರೂ ಇಲ್ಲ, ಸತ್ತ ಮಂಗವೂ ಇಲ್ಲ. ತೋಟಕ್ಕೆ, ಕೊಟ್ಟಿಗೆಗೆ ಒಣ ಎಲೆ ಬೇಡವೇ? ಹೋಗಲೇಬೇಕು. ಇದರಲ್ಲಿ ಯಾರ ಹೆಸರು ಕೆಟ್ಟಿತೋ ಕಾಣೆ.

ಆದರೆ ನನಗೆ ತಲೆ ಕೆಟ್ಟದ್ದು ಹೋದ ವರ್ಷ, ಒಂದು ಮದುವೆ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಯವರು ಅಪ್ಪೆಹುಳಿ ಸುರಿಯುತ್ತಾ, "ನಮ್ಮಮ್ಮನ ಮುಖಾನ ಹಂಗಾ ಬರೆಸೋದು?" ಅಂದರು. ನಮ್ಮ ಒಬ್ಬ ವಿದ್ಯಾರ್ಥಿಯ ದೊಡ್ಡಪ್ಪ. ಆ ಹುಡುಗ ಅಜ್ಜಿಯ ಚಿತ್ರ ಬರೆದಿದ್ದ. ದೊಡ್ಡ ಗಲ್ಲ, ಅದರ ಮೇಲೆ ಗುಹೆಯಂಥ ಎರಡು ಮೂಗಿನ ಹೊಳ್ಳೆ, ತುದಿಯಲ್ಲೆಲ್ಲೋ ಚೂರು ಕಣ್ಣು. ಎದುರಿಗೆ ಮಾತ್ರ ಒದ್ದೆ ಬಟ್ಟೆ ಹಿಡಿದ ಕೈ, ಹಾಳೆಯ ಅರ್ಧ. ಬೆರಳ ಸಂದಿಯ ನೀರಿನ ಹನಿಯನ್ನೂ ಬಿಟ್ಟಿರಲಿಲ್ಲ.

ನಾನು ವಾದಕ್ಕಿಳಿದೆ. ಹೋಳಿಗೆ ಬಂದು ಮುಂದಿನ ಎಲೆಗೆ ಹೋದದ್ದೂ ಗೊತ್ತಾಗಲಿಲ್ಲ. ಆ ಸಿಟ್ಟು ಇನ್ನೂ ಇದೆ.

ಯಾಕೆ ಬರೆದ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿಂದ ನೋಡಿ ಬರೆದ ಅಂತ ಒಬ್ಬರಾದರೂ ಕೇಳಬಾರದಾ? ದಿಂಬಿನಿಂದ, ಸ್ವಾಮಿ! ಮಲಗಿದವನಿಗೆ ಅಜ್ಜಿ ಹಾಗೇ ಕಾಣುವುದು. ಡ್ರಾಯಿಂಗ್ ಕ್ಲಾಸಿನಲ್ಲಿ ಇವನು ಬರೆಯುವ ಮುಖವೆಲ್ಲ ಪಾಸ್‌ಪೋರ್ಟ್ ಫೋಟೋ. ಮೂರು ದಿನ ಅಲ್ಲಾಡದೆ ಬಿದ್ದುಕೊಂಡದ್ದಕ್ಕೆ ಇದು ಕಂಡಿತು.

ಕೈ ತೊಳೆದು ಬರುವಾಗ ಆ ಅಜ್ಜಿಯೇ ಜಗಲಿಯಲ್ಲಿ ಸಿಕ್ಕರು, ಮೊಮ್ಮಗನೂ ಪಕ್ಕದಲ್ಲಿದ್ದ. ನಾನು ಹೆದರುತ್ತಲೇ ಚಿತ್ರದ ಮಾತು ತೆಗೆದೆ. ನೋಡಿದ್ದೇನೆ ಅಂದರು. ಮುಖದ ಬಗ್ಗೆ ದೂರೇ ಇಲ್ಲ.

"ಮೂಗುಬೊಟ್ಟು ಯಾಕೋ ಬಿಟ್ಟಿದ್ದೆ?" ಅಂತ ಅವನನ್ನು ಕೇಳಿದರು.

"ನಾನು ಆ ಬದಿಗೆ ಮಲಗಿರ್ಲಿಲ್ಲ ಅಜ್ಜಿ" ಅಂದ.

"ಹೌದು, ಗೋಡೆ ಬದಿಗೆ ಮಲಗಿದ್ದೆ" ಅಂದರು ಅಜ್ಜಿ.