ಬಿಳಿ ಬಣ್ಣದಡಿಯ ಸಂತರು

ಇಂಗ್ಲೆಂಡಿನ ನಾರ್ಫಕ್ ಹೆಚ್ಚಾಗಿ ಹೊಲಗದ್ದೆಗಳ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. ಬಾರ್ಲಿ, ಬೀಟ್ ಬೆಳೆಯುವ ಬಯಲಿನಲ್ಲಿ ಎತ್ತ ನೋಡಿದರೂ ಒಂದು ಚರ್ಚಿನ ಗೋಪುರ. ಮಧ್ಯಯುಗದ ಚರ್ಚುಗಳೇ 600ಕ್ಕೂ ಜಾಸ್ತಿ ಇವೆ. ಆಗ ಉಣ್ಣೆ ವ್ಯಾಪಾರದಲ್ಲಿ ದುಡ್ಡು ಹರಿದಿತ್ತು.

ಅಕ್ಕನ ಮಗನ ಜೊತೆ ಒಂದು ಶನಿವಾರ ಬಿನ್‌ಹ್ಯಾಮ್ ಎಂಬ ಹಳ್ಳಿಗೆ ಹೋದೆ. "ಇಷ್ಟು ದೊಡ್ಡ ಚರ್ಚಿಗೆ ಇಲ್ಲಿ ಜನ ಎಲ್ಲಿದ್ದಾರೆ ಚಿಕ್ಕಮ್ಮ?" ಅಂದ. ಅವನು ಹೇಳಿದ್ದೂ ನಿಜ. ಆದರೆ ನಾವು ನೋಡಿದ್ದು ಉಳಿದ ಭಾಗ ಮಾತ್ರ! 1091ರ ಸುಮಾರಿಗೆ ಸನ್ಯಾಸಿಗಳಿಗಾಗಿ ಕಟ್ಟಿಸಿದ ಮಠವಿದು. 1539ರಲ್ಲಿ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು, ಕಟ್ಟಡ ಕೆಡವಿದರು. ಹಜಾರದಲ್ಲಿ ಊರವರು ಪ್ರಾರ್ಥನೆ ಮಾಡುತ್ತಿದ್ದರಲ್ಲ, ಅದಷ್ಟೇ ಬಚಾವಾಯಿತು. ಅಳಿದುಳಿದ ಕಲ್ಲಿನಿಂದ ಮನೆ ಕಟ್ಟಲು ಹೋದಾಗ ಗೋಡೆ ಬಿದ್ದು ಕೆಲಸಗಾರನೊಬ್ಬ ಸತ್ತನಂತೆ. ಅಪಶಕುನ ಅಂತ ಆ ಕೆಲಸವನ್ನೇ ಬಿಟ್ಟರಂತೆ.

ಒಳಗೆ ನಾನು ಜಾಸ್ತಿ ಹೊತ್ತು ನಿಂತದ್ದು ಹಳೇ ಮರದ ಹಲಗೆಗಳ ಮುಂದೆ. ಅವುಗಳ ಮೇಲೆ ಮೊದಲು ಸಂತರ ಚಿತ್ರಗಳಿದ್ದವು. ಇಂಗ್ಲೆಂಡ್ ಪೋಪ್‌ನಿಂದ ದೂರವಾಗಿ ಸಂತರ ಚಿತ್ರ, ವಿಗ್ರಹಗಳನ್ನು ಬೇಡವೆಂದ ಧರ್ಮ ಸುಧಾರಣೆಯ ಕಾಲದಲ್ಲಿ ಬಿಳಿ ಬಣ್ಣ ಬಳಿದು, ಇಂಗ್ಲಿಷ್ ಬೈಬಲಿನ ಸಾಲುಗಳನ್ನು ಬರೆದರು. ಈಗ ಬಣ್ಣ ಉದುರಿ, ಅಕ್ಷರಗಳ ಸಂದಿಯಿಂದ ಸಂತರು ಇಣುಕುತ್ತಾರೆ. ಅಳಿಸಲು ಬಂದವನೂ ಅಕ್ಷರ ಮಾತ್ರ ಎಷ್ಟು ಚೆಂದ ಬರೆದಿದ್ದಾನೆ! ಪಕ್ಕದ ಕಲ್ಲಿನ ದೀಕ್ಷಾಸ್ನಾನದ ತೊಟ್ಟಿಗೆ ಆ ಅದೃಷ್ಟವಿಲ್ಲ. ಅದರ ಮೇಲಿನ ಗೊಂಬೆಗಳ ಮುಖಗಳನ್ನು ಒಡೆದುಹಾಕಿದ್ದಾರೆ.

ಇಂಥ ಕಡೆ ಬರೀ ಪೂಜೆ ನಡೆಯುತ್ತಿತ್ತು ಅಂದುಕೊಂಡರೆ ತಪ್ಪು. 1538ರ ಆಜ್ಞೆಯಿಂದ ಊರಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಲೆಕ್ಕ ಇಡುವುದು ಪಾದ್ರಿಯ ಕೆಲಸವಾಯಿತು. 1601ರ ಕಾಯ್ದೆಯ ಪ್ರಕಾರ ಬಡವರಿಗೆ ನೆರವು ಕೊಡುವ ಹೊಣೆಯೂ ಆಗ ಪ್ಯಾರಿಷ್‌ನದ್ದೇ (ಒಂದು ಚರ್ಚಿಗೆ ಸೇರಿದ ಊರಿನದ್ದೇ) ಆಗಿತ್ತು. ಒಂದು ರೀತಿಯಲ್ಲಿ ಪಂಚಾಯ್ತಿ ಆಫೀಸು ಅಲ್ವಾ?

ಕುರ್ಚಿ ಜೋಡಿಸುತ್ತಿದ್ದ ಅಜ್ಜಿಯೊಬ್ಬರು ಸಿಕ್ಕರು. ಭಾನುವಾರ ಬರುವವರು ಕಡಿಮೆ, ಸಂಗೀತ ಕಛೇರಿ ಇದ್ದರೆ ಹಜಾರ ತುಂಬುತ್ತದೆ ಅಂದರು. ಛಾವಣಿ ರಿಪೇರಿ ಸರ್ಕಾರ ಮಾಡಿಸುತ್ತದೆಯೇ ಅಂತ ಕೇಳಿದೆ. ಅವರು ನಕ್ಕರು. ಆ ಖರ್ಚು ಊರಿನ ಚರ್ಚು ಸಮಿತಿಯ ತಲೆಮೇಲೇ ಇದೆಯಂತೆ. ಹೊರಡುವಾಗ ಹುಂಡಿ ನೋಡಿದೆ, ನನ್ನ ಬಳಿ ಚಿಲ್ಲರೆ ಇರಲಿಲ್ಲ. ಪಕ್ಕದಲ್ಲೇ ಕಾರ್ಡ್ ತಾಗಿಸುವ ಯಂತ್ರವಿತ್ತು. ಹುಡುಗ ಐದು ಪೌಂಡ್ ಕೊಟ್ಟ.