ಈ ವರ್ಷ ಜಾಸ್ತಿ ಮಾರಾಟವಾದ ಕ್ಯಾಮೆರಾ ಯಾವುದು, ಅದನ್ನೇ ತಗೊಳ್ಳಲಾ?

ಕ್ಯಾಮೆರಾಗಳ ಬಗ್ಗೆ ಬರೆಯಲು ಶುರು ಮಾಡಿ ಈ ತಿಂಗಳಿಗೆ ಎಂಟು ವರ್ಷವಾಯಿತು. ಆವತ್ತಿನಿಂದಲೂ ವರ್ಷದ ಕೊನೆ ಬಂತೆಂದರೆ ನನಗೆ ಬರುವುದು ಒಂದೇ ಪ್ರಶ್ನೆ. "ಸರ್, ಈ ವರ್ಷ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಕ್ಯಾಮೆರಾ ಯಾವುದು? ಅದನ್ನೇ ತಗೊಂಡುಬಿಡ್ಲಾ?" ಮೊನ್ನೆಯೂ ಒಬ್ಬರು ಕೇಳಿದರು. ಅವರಿಗೆ ಉದ್ದದ ಉತ್ತರ ಬರೆದೆ. ಬರೆಯುತ್ತಾ ಹೋದಂತೆ, ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಗೊತ್ತಿಲ್ಲದ ವಸ್ತು ಕೊಳ್ಳುವಾಗ ನಾಲ್ಕು ಜನ ಏನು ಕೊಂಡರು ಎಂದು ನೋಡುವುದು ಸಹಜ. ಇಷ್ಟು ಜನ ಕೊಂಡಿದ್ದಾರೆ ಅಂದರೆ ತೀರಾ ಕೆಟ್ಟದ್ದಿರಲಾರದು ಎಂಬ ಧೈರ್ಯ ಅದು. ನಾನೂ ಹಾಗೇ ಶುರು ಮಾಡಿದವನು. ಆದರೆ ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಮಾರಾಟದ ಪಟ್ಟಿ ನೋಡಿ, ಆದರೆ ಕ್ಯಾಮೆರಾಗಳದ್ದು ಬೇಡ. ಅದರ ಕೆಳಗೆ ಬ್ಯಾಟರಿ, ಕಾರ್ಡ್, ಸಣ್ಣ ಲೆನ್ಸ್ ಇರುವ ಪಟ್ಟಿ ಇದೆಯಲ್ಲ, ಅದನ್ನು ನೋಡಿ.

ಮೊದಲು ಒಟ್ಟು ಲೆಕ್ಕ. ಜಪಾನಿನ ಕ್ಯಾಮೆರಾ ತಯಾರಕರ ಸಂಘ 'ಸಿಪಾ' ಎಷ್ಟು ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಹೊರಟವು ಎಂಬ ಅಂಕಿಗಳನ್ನು ಪ್ರಕಟಿಸುತ್ತದೆ. 2010ರಲ್ಲಿ ಆ ಸಂಖ್ಯೆ 12 ಕೋಟಿ ದಾಟಿತ್ತು. ಆಮೇಲೆ ಎಲ್ಲರ ಜೇಬಿಗೂ ಒಳ್ಳೆಯ ಕ್ಯಾಮೆರಾ ಇರುವ ಫೋನ್ ಬಂತು. 2023ರ ಹೊತ್ತಿಗೆ ಅದು ಸುಮಾರು 77 ಲಕ್ಷಕ್ಕೆ ಇಳಿಯಿತು. 2024ರಲ್ಲಿ ಸ್ವಲ್ಪ ಚೇತರಿಸಿಕೊಂಡು 85 ಲಕ್ಷದ ಹತ್ತಿರ ಬಂತು. ಅದರಲ್ಲಿ 56 ಲಕ್ಷದಷ್ಟು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್. ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಹಳೆಯ ಬಗೆ) ಹತ್ತು ಲಕ್ಷದ ಆಸುಪಾಸು. ಉಳಿದವು ಲೆನ್ಸ್ ಬದಲಾಯಿಸಲಾಗದ ಪುಟ್ಟ ಕ್ಯಾಮೆರಾಗಳು.

ಈ ಅಂಕಿಗಳಲ್ಲಿ ನನಗೆ ಕಾಣುವುದು ಇಷ್ಟು. ಸುಮ್ನೆ ಒಂದು ಕ್ಯಾಮೆರಾ ಇರಲಿ ಎಂದು ಕೊಳ್ಳುತ್ತಿದ್ದವರು ಈಗ ಫೋನಿನಲ್ಲೇ ಖುಷಿಯಾಗಿದ್ದಾರೆ. ಇವತ್ತು ಕ್ಯಾಮೆರಾ ಕೊಳ್ಳುವವರಿಗೆ ಫೋನ್ ಕೊಡದ ಏನೋ ಒಂದು ಬೇಕಾಗಿದೆ. ಆ 'ಏನೋ ಒಂದು' ಒಬ್ಬೊಬ್ಬರಿಗೆ ಒಂದೊಂದು. ಒಬ್ಬರಿಗೆ ಹಕ್ಕಿ, ಒಬ್ಬರಿಗೆ ಕತ್ತಲ ಕೋಣೆಯಲ್ಲಿ ಆಡುವ ಮಗು, ಇನ್ನೊಬ್ಬರಿಗೆ ವಿಡಿಯೊ. ಮಾರಾಟದ ಪಟ್ಟಿ ಇವರೆಲ್ಲರನ್ನೂ ಒಟ್ಟಿಗೆ ಕೂಡಿಸಿ ಒಂದು ಹೆಸರು ಹೇಳುತ್ತದೆ.

ಜೊತೆಗೆ, ಪಟ್ಟಿಯ ಮೇಲೆ ಬರುವುದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ. ಫ್ಯೂಜಿಫಿಲ್ಮ್‌ನ ಎಕ್ಸ್100 ಸಾಲು ನೋಡಿ. 2011ರಿಂದ ಬರುತ್ತಿರುವ ಕ್ಯಾಮೆರಾ ಅದು. ಜೂಮ್ ಇಲ್ಲ, ಲೆನ್ಸ್ ಬದಲಿಸುವ ಹಾಗಿಲ್ಲ. ವರ್ಷಗಟ್ಟಲೆ ಅದನ್ನು ಇಷ್ಟಪಟ್ಟವರು ಸಣ್ಣ ಗುಂಪಷ್ಟೇ. ಐದನೆಯ ಮಾದರಿಯಾದ ಎಕ್ಸ್100ವಿ ಕಿರು ವಿಡಿಯೊಗಳಲ್ಲಿ ಕಾಣಿಸಿಕೊಂಡದ್ದೇ ತಡ, ಎಲ್ಲೂ ಸಿಗದ ಹಾಗಾಯಿತು. 2024ರ ಫೆಬ್ರುವರಿಯಲ್ಲಿ ಆರನೆಯದು ಬಂದಾಗ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾದರು. ಕ್ಯಾಮೆರಾ ನಿಜವಾಗಲೂ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಹಕ್ಕಿ ಹಿಡಿಯಬೇಕು ಅನ್ನುವವರಿಗೆ ಅದರಿಂದ ಏನು ಪ್ರಯೋಜನ? ಇನ್ನೊಂದು ಕಡೆ, ಜಪಾನಿನ ಮಾರಾಟದ ಪಟ್ಟಿಗಳಲ್ಲಿ ಈಚೆಗೆ ಮತ್ತೆ ಮತ್ತೆ ಕಾಣುವ ಹೆಸರು ಕೊಡಾಕ್ ಪಿಕ್ಸ್‌ಪ್ರೊ. ಕೊಡಾಕ್ ಕಂಪನಿ 2012ರಲ್ಲೇ ಡಿಜಿಟಲ್ ಕ್ಯಾಮೆರಾ ವ್ಯಾಪಾರ ಬಿಟ್ಟಿತು. ಈಗಿನವು ಆ ಹೆಸರಿನ ಪರವಾನಗಿ ಪಡೆದ ಬೇರೆ ಕಂಪನಿಯವು. ಹಗುರ, ಸರಳ, ಅಗ್ಗ. ಅದಕ್ಕೇ ಓಡುತ್ತಿವೆ. ಎರಡೂ ಗೆದ್ದ ಕ್ಯಾಮೆರಾಗಳೇ. ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಈಗ ಸಣ್ಣ ಸಾಮಾನುಗಳ ಪಟ್ಟಿಗೆ ಬರೋಣ. ವರ್ಷ ಯಾವುದೇ ಇರಲಿ, ಅಲ್ಲಿ ಸಿಗುವುದು ಅವೇ ನಾಲ್ಕೈದು ವಸ್ತುಗಳು: ಮೆಮೊರಿ ಕಾರ್ಡ್, ಇನ್ನೊಂದು ಬ್ಯಾಟರಿ, 50 ಎಂಎಂ ಎಫ್/1.8 ಲೆನ್ಸ್ (ಜೂಮ್ ಇಲ್ಲದ, ಜಾಸ್ತಿ ಬೆಳಕು ಒಳಬಿಡುವ ಪುಟ್ಟ ಲೆನ್ಸ್), ಧೂಳು ಊದುವ ಬ್ಲೋವರ್, ಒಂದು ಟ್ರೈಪಾಡ್. ಈ ಪಟ್ಟಿಯನ್ನು ನಾನು ನಂಬುವುದಕ್ಕೆ ಕಾರಣವಿದೆ. ಇವನ್ನು ಕೊಳ್ಳುವವರ ಕೈಯಲ್ಲಿ ಆಗಲೇ ಕ್ಯಾಮೆರಾ ಇದೆ. ಹೊರಗೆ ಹೋಗಿ ಫೋಟೊ ತೆಗೆದಿದ್ದಾರೆ. ಎಲ್ಲಿ ಕೈಕೊಟ್ಟಿತು ಎಂಬುದು ಅವರಿಗೆ ಗೊತ್ತಾಗಿದೆ.

ಬ್ಯಾಟರಿಯನ್ನೇ ತಗೊಳ್ಳಿ. 2017ರಲ್ಲಿ ಬಂದ ನಿಕಾನ್ ಡಿ850 ಒಂದು ಚಾರ್ಜಿಗೆ 1840 ಫೋಟೊ ತೆಗೆಯುತ್ತದೆ ಎಂದು ಸಿಪಾ ವಿಧಾನದ ಅಳತೆ ಹೇಳುತ್ತದೆ. ಮರುವರ್ಷ ಬಂದ ಅದೇ ಕಂಪನಿಯ ಮಿರರ್‌ಲೆಸ್ ಜೆಡ್7ಗೆ ಅದೇ ವಿಧಾನದಲ್ಲಿ 330. ಎರಡಕ್ಕೂ ಹಾಕುವುದು ಹೆಚ್ಚುಕಡಿಮೆ ಒಂದೇ ಬಗೆಯ ಬ್ಯಾಟರಿ. ವ್ಯತ್ಯಾಸ ಎಲ್ಲಿಂದ ಬಂತು? ಡಿಎಸ್‌ಎಲ್‌ಆರ್‌ನಲ್ಲಿ ನೀವು ಕನ್ನಡಿಯಲ್ಲಿ ಪ್ರತಿಫಲಿಸಿದ ಬೆಳಕನ್ನೇ ನೋಡುತ್ತೀರಿ, ಅದಕ್ಕೆ ಕರೆಂಟು ಬೇಡ. ಮಿರರ್‌ಲೆಸ್‌ನಲ್ಲಿ ನೀವು ನೋಡುತ್ತಿರುವಷ್ಟು ಹೊತ್ತೂ ಬೆಳಕು ಹಿಡಿಯುವ ಸೆನ್ಸರ್ ಮತ್ತು ಪುಟ್ಟ ಪರದೆ ಎರಡೂ ಉರಿಯುತ್ತಿರಬೇಕು. ಬಿಡದೆ ಒಂದೇ ಸಮನೆ ಕ್ಲಿಕ್ಕಿಸಿದರೆ ಆ 330ಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಕಾದು ಕೂತು, ನೋಡುತ್ತಾ ತೆಗೆಯುವವರಿಗೆ ಅಷ್ಟು ಬರುವುದಿಲ್ಲ. ಜಗತ್ತು ಮಿರರ್‌ಲೆಸ್‌ಗೆ ಹೊರಳಿದ ಮೇಲೆ ಎರಡನೆಯ ಬ್ಯಾಟರಿ ಎಲ್ಲರ ಚೀಲದಲ್ಲೂ ಬಂದದ್ದು ಹೀಗೆ. ನಾನು ನನ್ನ ಬ್ಯಾಟರಿಗಳ ಮೇಲೆ ಮಾರ್ಕರ್‌ನಿಂದ ಒಂದು, ಎರಡು ಎಂದು ನಂಬರ್ ಹಾಕಿ, ಕೊಂಡ ತಿಂಗಳನ್ನೂ ಬರೆದಿಡುತ್ತೇನೆ. ಯಾವುದು ಸೊರಗುತ್ತಿದೆ ಎಂದು ಬೇಗ ಗೊತ್ತಾಗುತ್ತದೆ. ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು ಎಂಬುದನ್ನೂ ಮರೆಯಬೇಡಿ.

ಕಾರ್ಡಿನ ವಿಷಯದಲ್ಲಿ ನನಗೆ ಒಂದು ನೋವಿದೆ. ಕೆಲವು ವರ್ಷಗಳ ಹಿಂದೆ ಬೆಟ್ಟಕ್ಕೆ ಮೂರು ದಿನದ ಪ್ರವಾಸ ಹೋಗಿದ್ದೆ. ಹೊಸ 128 ಜಿಬಿ ಕಾರ್ಡು, ಹೆಸರು ದೊಡ್ಡದು, ಕೊಂಡದ್ದು ಮಾತ್ರ ಪರಿಚಯವಿಲ್ಲದ ಮಾರಾಟಗಾರರಿಂದ. ಕ್ಯಾಮೆರಾ ಒಂದು ಸಲವೂ ತಕರಾರು ಮಾಡಲಿಲ್ಲ. ಮನೆಗೆ ಬಂದು ತೆರೆದರೆ ಎಷ್ಟೋ ಫೈಲುಗಳು ತೆರೆಯಲೇ ಇಲ್ಲ. ಅದು ನಕಲಿ ಕಾರ್ಡು. ಒಳಗಿರುವ ಜಾಗ ಕಡಿಮೆ, ಆದರೆ 128 ಎಂದು ಸುಳ್ಳು ಹೇಳುವ ಹಾಗೆ ಅದರ ಚಿಪ್ಪನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಹೊಸ ಫೋಟೊ ಎಲ್ಲಿಗೂ ಸೇರುವುದಿಲ್ಲ, ಇಲ್ಲವೇ ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಮೊದಲ ದಿನದ ಮುಂಜಾವು, ಮಂಜಿನ ಮಧ್ಯೆ ನನ್ನ ಗೆಳೆಯ ನಡೆದುಬರುತ್ತಿದ್ದ ಫೋಟೊ, ಈಗಲೂ ನನ್ನ ತಲೆಯಲ್ಲಿ ಮಾತ್ರ ಇದೆ.

ಆವತ್ತಿನಿಂದ ಯಾವ ಕಾರ್ಡು ಕೊಂಡರೂ ಮೊದಲು ಪರೀಕ್ಷೆ ಮಾಡುತ್ತೇನೆ. 'ಎಚ್2ಟೆಸ್ಟ್‌ಡಬ್ಲ್ಯೂ', 'ಎಫ್3' ಎಂಬ ಉಚಿತ ತಂತ್ರಾಂಶಗಳಿವೆ. ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿ, ಹೊಂದುತ್ತದೆಯೋ ಇಲ್ಲವೋ ಹೇಳುತ್ತವೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಇನ್ನು ವೇಗ. ಕಾರ್ಡಿನ ಮೇಲೆ ವಿ30, ವಿ60, ವಿ90 ಎಂದು ಬರೆದಿರುತ್ತದೆ. ಸೆಕೆಂಡಿಗೆ ಕನಿಷ್ಠ ಅಷ್ಟು ಮೆಗಾಬೈಟ್ ಬರೆಯುತ್ತೇನೆ ಎಂಬ ಮಾತು ಅದು. ಹೆಚ್ಚಿನ ಕ್ಯಾಮೆರಾಗಳ ಸಾಮಾನ್ಯ 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಹನ್ನೆರಡೂವರೆ ಮೆಗಾಬೈಟ್. ಅದಕ್ಕೆ ವಿ30 ಧಾರಾಳ ಸಾಕು. ವಿ90 ಬೇಕೇಬೇಕು ಎಂದು ಹೇಳುವವರ ಮಾತು ಕೇಳಿ ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ಇನ್ನೊಂದು ಕಾರ್ಡು ಕೊಳ್ಳಿ, ಫೋಟೊಗಳನ್ನು ಎರಡು ಕಡೆ ನಕಲು ಮಾಡಿದ ಮೇಲಷ್ಟೇ ಮೊದಲನೆಯದನ್ನು ಫಾರ್ಮ್ಯಾಟ್ ಮಾಡಿ.

ಬ್ಲೋವರ್, ಟ್ರೈಪಾಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆನ್ಸ್ ಬದಲಿಸುವವರಿಗೆ ಧೂಳು ತಪ್ಪಿದ್ದಲ್ಲ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ, ಅದಕ್ಕೇ ಬ್ಲೋವರ್. ಟ್ರೈಪಾಡ್ ಎಲ್ಲರಿಗೂ ಬೇಡ.

50 ಎಂಎಂ ಎಫ್/1.8 ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ನನ್ನ ಮೊದಲ ಲೆನ್ಸ್ ಖರೀದಿ 70-300 ಎಂಎಂ ಜೂಮ್. ಪಟ್ಟಿ ನೋಡಿಯೇ ಕೊಂಡದ್ದು. ಲೆನ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ದೂರದಲ್ಲಿರುವುದನ್ನು ತೆಗೆಯುವ ಆಸೆ ನನ್ನೊಳಗೇ ಇರಲಿಲ್ಲ. ಒಂದು ವರ್ಷದ ನಂತರ ನನ್ನ ಫೋಟೊಗಳನ್ನೆಲ್ಲ ಫೋಕಲ್ ಲೆಂಗ್ತ್ (ಲೆನ್ಸ್ ಎಷ್ಟು ಹತ್ತಿರ ಎಳೆಯುತ್ತದೆ ಎಂದು ಹೇಳುವ ಎಂಎಂ ಸಂಖ್ಯೆ) ಪ್ರಕಾರ ಜೋಡಿಸಿ ನೋಡಿದೆ. ಹೆಚ್ಚಿನವು 35ರಿಂದ 55ರ ನಡುವೆ, ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸಿನಲ್ಲಿ ತೆಗೆದವು. ಮನೆಯವರು, ಕೈಗಳು, ಕಿಟಕಿ, ಮೇಜು. ಅವುಗಳಲ್ಲಿ ಅರ್ಧ ಮಸುಕು.

ಆಗ 50 ಎಂಎಂ ತಂದೆ. ಬಂದ ಮರುದಿನ ಸಂಜೆ ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕಿಟ್ ಲೆನ್ಸ್ 55ರ ತುದಿಯಲ್ಲಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ; ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಎಫ್/1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಫೋಟೊಗೆ 1/20 ಸೆಕೆಂಡ್ ಬೆಳಕು ಬೇಕಿದ್ದ ಕಡೆ 1/200 ಸಾಕು. 1/20ರಲ್ಲಿ ಅಜ್ಜಿಯ ನಡುಗುವ ಬೆರಳು ಬರೀ ಮಬ್ಬು. 1/200ರಲ್ಲಿ ದಾರದ ತುದಿಯ ಎಳೆ ಬಿಚ್ಚಿಕೊಂಡದ್ದೂ ಕಂಡಿತು. ಅಜ್ಜಿ ಈಗಿಲ್ಲ. ಆ ಫೋಟೊ ನನ್ನ ಮೇಜಿನ ಎದುರಿಗಿದೆ.

ಇಷ್ಟು ಒಳ್ಳೆಯ ಲೆನ್ಸ್ ಇಷ್ಟು ಅಗ್ಗ ಹೇಗೆ ಎಂದು ನನಗೆ ಆಗ ಆಶ್ಚರ್ಯ. ಉತ್ತರ ಅದರ ಹೊಟ್ಟೆಯೊಳಗಿದೆ. 1896ರಲ್ಲಿ ಜೈಸ್ ಕಂಪನಿಯ ಪಾಲ್ ರುಡಾಲ್ಫ್ 'ಪ್ಲಾನರ್' ಎಂಬ ಲೆನ್ಸ್ ರೂಪಿಸಿದರು. ನಡುವೆ ಬೆಳಕು ಬಿಡುವ ಕಿಂಡಿಯ, ಅಂದರೆ ಅಪರ್ಚರ್‌ನ ಎರಡು ಪಕ್ಕದಲ್ಲೂ ಹೆಚ್ಚುಕಡಿಮೆ ಒಂದೇ ಥರದ ಗಾಜುಗಳು, ಕನ್ನಡಿ ಹಿಡಿದ ಹಾಗೆ. ಒಂದು ಪಕ್ಕದ ದೋಷಗಳಲ್ಲಿ ಕೆಲವನ್ನು ಇನ್ನೊಂದು ಪಕ್ಕ ಹೊಡೆದುಹಾಕುತ್ತದೆ. ಇವತ್ತಿನ ಎಷ್ಟೋ 50 ಎಂಎಂ ಲೆನ್ಸ್‌ಗಳು ಆ ವಂಶದವೇ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಏಳಲು ಜಾಗ ಬೇಕು. ಕ್ಯಾನನ್ ಇಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ಗೆ 44 ಎಂಎಂ ದೂರ. ಅದಕ್ಕಿಂತ ತುಂಬ ಕಡಿಮೆ ಫೋಕಲ್ ಲೆಂಗ್ತ್ ಇರುವ ಅಗಲದ ಲೆನ್ಸ್ ಮಾಡಬೇಕಾದರೆ ಬೆಳಕನ್ನು ಹಿಂದಕ್ಕೆ ತಳ್ಳಲು ಇನ್ನಷ್ಟು ಗಾಜು ಹಾಕಬೇಕು. 50ಕ್ಕೆ ಆ ತಾಪತ್ರಯವಿಲ್ಲ. ಆರು ಗಾಜಿನಲ್ಲಿ ಕೆಲಸ ಮುಗಿಯುತ್ತದೆ. 1990ರಲ್ಲಿ ಬಂದ ಕ್ಯಾನನ್‌ನ 50 ಎಂಎಂ ಎಫ್/1.8ರ ಎರಡನೆಯ ಮಾದರಿಯಲ್ಲಿ ಇದ್ದದ್ದು ಅಷ್ಟೇ. ತೂಕ 130 ಗ್ರಾಂ, ಮೌಂಟ್ ಕೂಡ ಪ್ಲಾಸ್ಟಿಕ್. 2015ರಲ್ಲಿ ಎಸ್‌ಟಿಎಂ ಮಾದರಿ ಬರುವವರೆಗೂ, ಇಪ್ಪತ್ತೈದು ವರ್ಷ ಅದು ಹಾಗೇ ಮಾರಾಟವಾಯಿತು.

ಒಂದು ಎಚ್ಚರಿಕೆ. ಸ್ವಲ್ಪ ಸಣ್ಣದಾದ ಎಪಿಎಸ್-ಸಿ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 50 ಎಂಎಂ ನೋಟ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನ 75-80 ಎಂಎಂನಷ್ಟು ಬಿಗಿಯಾಗುತ್ತದೆ. ಮುಖ ತೆಗೆಯಲು ಸೊಗಸು. ಸಣ್ಣ ಕೋಣೆಯಲ್ಲಿ ಮಾತ್ರ ಬೆನ್ನು ಗೋಡೆಗೆ ತಾಗುತ್ತದೆ. ಅಂಥವರಿಗೆ ನಾನು 35 ಎಂಎಂ ಎಫ್/1.8 ಹೇಳುತ್ತೇನೆ.

ಹಾಗಾದರೆ ಕ್ಯಾಮೆರಾ ಯಾವುದು ಎಂದು ಕೇಳುತ್ತೀರಿ, ಅಲ್ವಾ? ನಿಮ್ಮ ಫೋನ್ ತೆಗೆಯಿರಿ. ಗ್ಯಾಲರಿಯಲ್ಲಿ ಕಳೆದ ಮೂರು ತಿಂಗಳ ಫೋಟೊ ನೋಡುತ್ತಾ ಹೋಗಿ. ಸ್ಕ್ರೀನ್‌ಶಾಟ್, ಬಿಲ್ಲು, ಫಾರ್ವರ್ಡ್ ಬಂದದ್ದು ಎಲ್ಲ ಬಿಟ್ಟುಬಿಡಿ. ಮತ್ತೆ ಮತ್ತೆ ಏನು ತೆಗೆದಿದ್ದೀರಿ? ಅದರಲ್ಲಿ ಯಾವುದು ಕೆಟ್ಟುಹೋಗಿದೆ, ಯಾಕೆ? ದೂರವಾಯಿತೇ, ಕತ್ತಲಾಯಿತೇ, ಅಲುಗಾಡಿತೇ? ಏನೂ ಕೆಟ್ಟಿಲ್ಲ, ಎಲ್ಲ ಚೆನ್ನಾಗಿಯೇ ಬಂದಿದೆ ಅಂದರೆ ಕ್ಯಾಮೆರಾ ಬೇಡ, ಫೋನೇ ಸಾಕು. ಇದನ್ನು ಸಂತೋಷದಿಂದ ಹೇಳುತ್ತೇನೆ. ಕೆಟ್ಟದ್ದು ಸಿಕ್ಕರೆ ಅದಕ್ಕೆ ತಕ್ಕ ಲೆನ್ಸ್ ಮೊದಲು ಹುಡುಕಿ. ಬಾಡಿ, ಅಂದರೆ ಕ್ಯಾಮೆರಾ, ಆಮೇಲೆ. ಮೆಗಾಪಿಕ್ಸೆಲ್ ಚಿಂತೆ ಬಿಡಿ. 24 ಮೆಗಾಪಿಕ್ಸೆಲ್ ಫೋಟೊವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 20 ಇಂಚು ಅಗಲ ಬರುತ್ತದೆ. 4ಕೆ ಟಿವಿ ಪರದೆಗೆ ಬೇಕಾದದ್ದು ಬರೀ ಎಂಟು ಚಿಲ್ಲರೆ.

ಮೊನ್ನೆ ಕೇಳಿದವರು ನನ್ನ ಮಾತಿನಂತೆ ಗ್ಯಾಲರಿ ನೋಡಿದರಂತೆ. ನೂರಾರು ಫೋಟೊ, ಎಲ್ಲದರಲ್ಲೂ ಅವರ ಮಗಳೇ. ಟ್ಯೂಬ್‌ಲೈಟ್ ಬೆಳಕಿನ ಹಾಲ್‌ನಲ್ಲಿ ನೃತ್ಯ ಅಭ್ಯಾಸ ಮಾಡುವ ಹುಡುಗಿ. ಕೈಕಾಲು ಎಲ್ಲದರಲ್ಲೂ ಮಬ್ಬು. ಅವರ ಬೀರುವಿನಲ್ಲಿ ಅಣ್ಣನ ಹಳೆಯ ಡಿಎಸ್‌ಎಲ್‌ಆರ್ ಒಂದು ಸುಮ್ನೆ ಇತ್ತು. ಹೊಸ ಬಾಡಿ ಕೊಳ್ಳುವುದನ್ನು ಬಿಟ್ಟು ಅದಕ್ಕೊಂದು 35 ಎಂಎಂ ಎಫ್/1.8 ತರಿಸಿಕೊಂಡರು. ನಿನ್ನೆ ಫೋಟೊ ಕಳಿಸಿದ್ದರು. ಮಗಳು ನೆಲ ಬಿಟ್ಟು ಒಂದಡಿ ಮೇಲಿದ್ದಾಳೆ, ಜಡೆ ಗಾಳಿಯಲ್ಲಿ ನಿಂತಿದೆ, ಒಂದೊಂದು ಕೂದಲೂ ಬೇರೆ ಬೇರೆ. ಕೆಳಗೆ ಒಂದು ಸಾಲು ಬರೆದಿದ್ದರು: "ಸರ್, ಕಾರ್ಡ್ ತುಂಬಿಹೋಯ್ತು. ಯಾವುದು ತಗೊಳ್ಳಲಿ?"